ಖಾಲಿ ಮದ್ದು ಪಡೆದವರನ್ನೂ ವಿಚಾರಿಸು

ಪ್ರಿಯ ತಂಗಿ,

ಹೃದಯದ ಜೀನ್ ಚಿಕಿತ್ಸೆ ಬಗ್ಗೆ ನೀನು ಬರೆದ ಲೇಖನ ಓದಿದೆ, ಜೊತೆಗಿಟ್ಟ ಕಾಗದವನ್ನೂ. ಹೋದಲ್ಲೆಲ್ಲ ವಾಪಸ್ ಬಂತು, ಇನ್ನು ಬರೆಯೋದೇ ಇಲ್ಲ ಅಂದಿದ್ದೀಯ. ನೀನು ಬರೆಯದಿದ್ದರೆ ಯಾರ ಗಂಟೂ ಹೋಗುವುದಿಲ್ಲ ಮಾರಾಯ್ತಿ. ಆದರೆ ಜೀನ್ ಹೊತ್ತ ವೈರಸ್ಸು ಹೃದಯದ ಕೋಶದೊಳಗೆ ಹೇಗೆ ಹೋಗುತ್ತದೆ ಅನ್ನೋದನ್ನು ಇಷ್ಟು ಸಲೀಸಾಗಿ ಕನ್ನಡದಲ್ಲಿ ಹೇಳಬಲ್ಲವರು ನನಗೆ ಹೆಚ್ಚು ಸಿಕ್ಕಿಲ್ಲ. ವಾಕ್ಯ ಎಷ್ಟು ಉದ್ದ ಇರಬೇಕು, ಚಿತ್ರ ಬೇಕೋ ಬೇಡವೋ ಅಂತೆಲ್ಲ ಕೇಳಿದ್ದೀಯಲ್ಲ, ಅವೆಲ್ಲ ಬರೆಯುತ್ತ ಸರಿಹೋಗುತ್ತವೆ, ಬಿಡು. ನನ್ನ ತಕರಾರು ನಿನ್ನ ಶೀರ್ಷಿಕೆಯ ಮೇಲೆ: 'ಒಂದೇ ಇಂಜೆಕ್ಷನ್, ಬೈಪಾಸ್‌ಗೆ ವಿದಾಯ!'

ಈ ಶೀರ್ಷಿಕೆ ನನಗೆ ಹಳೇ ನೆಂಟ. ಬಾಸ್ಟನ್ನಿನ ವೈದ್ಯ ಜೆಫ್ರಿ ಇಸ್ನರ್ ತಂಡ 1996ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ವರದಿ ತೆಗೆದು ನೋಡು. ಕಾಲಿಗೆ ರಕ್ತ ಸಾಲದೆ ನರಳುತ್ತಿದ್ದ 71 ವರ್ಷದ ಹೆಂಗಸಿಗೆ, ಹೊಸ ನಾಳ ಚಿಗುರಿಸುವ ವಿಇಜಿಎಫ್ ಪ್ರೋಟೀನಿನ ಜೀನ್ ಕೊಟ್ಟರು. ಆಂಜಿಯೋಗ್ರಾಮಿನಲ್ಲಿ ಹೊಸ ಕವಲುಗಳು ಕಂಡವು. ಅದೇ ವರದಿಯಲ್ಲಿ ಕಾಲು ಊದಿದ್ದೂ, ಪಾದದ ಹತ್ತಿರ ಜೇಡನ ಕಾಲಿನಂಥ ಕೆಂಪು ಗೆರೆಗಳು ಮೂಡಿದ್ದೂ ಇದೆ. ವಾರಪತ್ರಿಕೆಯೊಂದಕ್ಕೆ ನಾನು ಅಷ್ಟನ್ನೂ ಬರೆದುಕೊಟ್ಟೆ. ಊತವನ್ನೂ, 'ಇದು ಒಬ್ಬರೇ ರೋಗಿಯ ಕತೆ' ಅನ್ನುವ ಸಾಲನ್ನೂ ಸಂಪಾದಕರು ಹೊಡೆದುಹಾಕಿದರು. 'ಓದುಗರಿಗೆ ಆಸೆ ಬೇಕ್ರೀ' ಅಂದರು. ಅವರು ತೀರಿಕೊಂಡು ವರ್ಷಗಳಾದವು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ಅಲ್ಲಿಂದ ಹತ್ತಿದ ಚಟ ನನ್ನದು. ಯಾವ ಪ್ರಬಂಧ ಕೈಗೆ ಬಂದರೂ ಮೊದಲು ಹುಡುಕುವುದು ಪ್ಲಸೀಬೊ, ಅಂದರೆ ಖಾಲಿ ಮದ್ದು ಪಡೆದವರಿಗೆ ಏನಾಯಿತು ಅಂತ. ಜೀನ್ ಬಿಟ್ಟು ಆ ವಿಇಜಿಎಫ್ ಪ್ರೋಟೀನನ್ನೇ ನೇರವಾಗಿ ಎದೆನೋವಿನ ರೋಗಿಗಳಿಗೆ ಕೊಟ್ಟು ನೋಡಿದ ವಿವಾ ಪರೀಕ್ಷೆ 2003ರಲ್ಲಿ ಪ್ರಕಟವಾಯಿತು. 178 ಜನ. 60ನೇ ದಿನ ಟ್ರೆಡ್‌ಮಿಲ್ ಹತ್ತಿಸಿದರೆ ಖಾಲಿ ಮದ್ದಿನವರೂ ಮೊದಲಿಗಿಂತ ಹೆಚ್ಚು ಹೊತ್ತು ನಡೆದರು! ಅವರ ಸಾಲನ್ನು ಮುಚ್ಚಿಟ್ಟು ಓದಿದರೆ ಯಾವ ಮದ್ದೂ ಸಂಜೀವಿನಿಯೇ.

ನಿನ್ನ ಲೇಖನದ ನಾಯಕ ಸರ್ಕಾ2ಎ. ಹೃದಯದ ಸ್ನಾಯು ಕುಗ್ಗಿದ ಮೇಲೆ ಕ್ಯಾಲ್ಸಿಯಂ ಅನ್ನು ಕೋಶದೊಳಗಿನ ದಾಸ್ತಾನಿಗೆ ವಾಪಸ್ ಎಳೆದುಹಾಕುವ ಪಂಪು ಅದು. ಅದು ಸೋತರೆ ಸ್ನಾಯು ಸರಿಯಾಗಿ ಸಡಿಲವಾಗುವುದಿಲ್ಲ, ಮುಂದಿನ ಬಡಿತವೂ ಬಲಗುಂದುತ್ತದೆ. ಇದನ್ನು ಚೆನ್ನಾಗಿ ಬರೆದಿದ್ದೀಯ. ಆ ಪಂಪಿನ ಜೀನನ್ನು ಎಎವಿ1 ಅನ್ನೋ ವೈರಸ್ಸಿನಲ್ಲಿ ತುಂಬಿ, ಹೃದಯಕ್ಕೇ ರಕ್ತ ಒಯ್ಯುವ ಕರೋನರಿ ನಾಳಕ್ಕೆ ಬಿಟ್ಟ ಕ್ಯೂಪಿಡ್ ಪರೀಕ್ಷೆ, ಹೃದಯ ವೈಫಲ್ಯದ 39 ಜನ, ಭರವಸೆಯ ಫಲಿತಾಂಶ. ಅಲ್ಲಿಗೇ ನಿಲ್ಲಿಸಿಬಿಟ್ಟೆಯಲ್ಲ, ಯಾಕೆ? 250 ಜನರ ಕ್ಯೂಪಿಡ್ 2 ಎಲ್ಲಿ ಹೋಯಿತು? 2015ರಲ್ಲಿ ಲೆಕ್ಕ ಬಿಚ್ಚಿದಾಗ ಜೀನ್ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಕೆಲವರ ಹೃದಯದ ಅಂಗಾಂಶ ಪರೀಕ್ಷಿಸಿದರೆ, ಒಳಗೆ ಸೇರಿದ್ದ ಜೀನೇ ತೀರ ಕಡಿಮೆ. ಹಾಗಾದರೆ ಜೀನ್ ಕೆಲಸ ಮಾಡಲಿಲ್ಲವೋ, ಅಲ್ಲಿಗೆ ತಲುಪಲೇ ಇಲ್ಲವೋ? ನಿನ್ನ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಸೋಲಿನ ಕತೆ ಯಾರು ಓದುತ್ತಾರೆ ಅಂತ ನೀನು ಕೇಳುತ್ತೀಯ, ಗೊತ್ತು. ಜಯದೇವ ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪನ ಆಂಜಿಯೋ ರಿಪೋರ್ಟು ಹಿಡಿದು ಕೂತ ಮಗಳು ಓದುತ್ತಾಳೆ. ನಿನ್ನ ಶೀರ್ಷಿಕೆ ನೋಡಿ 'ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕೋಣವಾ ಡಾಕ್ಟ್ರೇ' ಅಂತ ಅವಳು ಕೇಳಿದರೆ?

ಬೈದದ್ದು ಸಾಕು. ಕೊನೆಯ ಪುಟದಲ್ಲಿ ಅವಸರವಾಗಿ ತುರುಕಿದ ಸಾಲುಗಳಿವೆಯಲ್ಲ, ಭಾರತ ಮೂಲದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್‌ಎಯ 25 ಅಕ್ಷರ ಅಳಿಸಿಹೋಗಿರುವುದು, ಅದಕ್ಕೂ ಹೃದಯಸ್ನಾಯುವಿನ ಕಾಯಿಲೆಗೂ ನಂಟಿದೆ ಅಂತ 2009ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದದ್ದು, ಅವು ನನಗೆ ತುಂಬ ಹಿಡಿಸಿದವು. ಅದನ್ನು ಬೆಳೆಸು. ಆ ಅಳಿಕೆ ಹೊತ್ತವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಅಂತ ಮಾತ್ರ ಬರೆಯಬೇಡ.

ಶೀರ್ಷಿಕೆ ನಾನು ಹಾಕಿಕೊಡುವುದಿಲ್ಲ. ದಸರಾ ರಜೆಯೊಳಗೆ ತಿದ್ದಿ ಕಳಿಸು. ಆಗಲೂ ವಾಪಸ್ ಬಂದರೆ ಇಬ್ಬರೂ ಕೂತು ಸಂಪಾದಕರನ್ನು ಬೈಯೋಣ. ಆ ಕೆಲಸದಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ.

ಇಂತು,
ನಿನ್ನ ಅಣ್ಣ