ಸಂಸದರೇ, ಎನ್‌ಸಿಸಿ ಕ್ಯಾಂಪಿಗೆ ಹೋದರೆ ನನ್ನ ರಜೆ ಯಾಕೆ ಕತ್ತರಿಸುತ್ತಾರೆ?

ಸಂಸದರಿಗೆ ನಮಸ್ಕಾರ.

ಗಣರಾಜ್ಯೋತ್ಸವದ ದಿನ ನೀವು ವೇದಿಕೆ ಮೇಲಿದ್ದಿರಿ. ನಮ್ಮ ಕಾಲೇಜಿನ ಎನ್‌ಸಿಸಿ ತುಕಡಿ ಹಾದುಹೋದಾಗ ಎದ್ದು ನಿಂತು ಚಪ್ಪಾಳೆ ಹೊಡೆದಿರಿ. ಆ ಮಕ್ಕಳನ್ನು ತಯಾರು ಮಾಡಿದ ಮೇಷ್ಟ್ರು ನಾನು. ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಜೊತೆಗೆ ಎಎನ್‌ಒ, ಅಂದರೆ ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಅಧಿಕಾರಿ. ನಾಗಪುರದ ಹತ್ತಿರದ ಕಾಮ್ಟಿಯಲ್ಲಿ ತರಬೇತಿ ಮುಗಿಸಿ ಹೆಗಲಿಗೆ ಎರಡು ನಕ್ಷತ್ರ ಹಾಕಿಕೊಂಡು ಬಂದವನು.

ವರ್ಷಕ್ಕೊಮ್ಮೆ 10 ದಿನದ ಕ್ಯಾಂಪ್ ಇರುತ್ತದೆ. ಬೆಳಿಗ್ಗೆ ಐದೂವರೆಗೆ ಫಾಲಿನ್, ಎಲ್ಲರೂ ಸಾಲಾಗಿ ನಿಲ್ಲಬೇಕು. ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದುಕೊಂಡ ಹುಡುಗನಿಗೆ ಪಟ್ಟಿ ಕಟ್ಟುವುದರಿಂದ ಹಿಡಿದು ರಾತ್ರಿ ಟೆಂಟುಗಳ ತಲೆ ಎಣಿಸುವವರೆಗೆ ಎಲ್ಲಾ ನಮ್ಮದೇ. ಕಳೆದ ಸಲ ರಾತ್ರಿ ಹತ್ತಕ್ಕೆ ಕಾಲೇಜಿನಿಂದ ಫೋನು, ಇಂಟರ್ನಲ್ ಮಾರ್ಕ್ಸ್ ಇವತ್ತೇ ಅಪ್‌ಲೋಡ್ ಆಗಬೇಕಂತೆ. ನೀರಿನ ಟ್ಯಾಂಕರ್ ಪಕ್ಕ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅಲ್ಲೇ ನಿಂತು, ಸೊಳ್ಳೆ ಹೊಡೆಯುತ್ತಾ, 62 ಮಕ್ಕಳ ಅಂಕ ಮೊಬೈಲಲ್ಲಿ ಒತ್ತಿದೆ. ವಾಪಸ್ ಬಂದು ನೋಡಿದರೆ ಹಾಜರಿ ಪುಸ್ತಕದಲ್ಲಿ ಓಓಡಿ (ಬೇರೆ ಕರ್ತವ್ಯದ ಮೇಲೆ ಹೋಗಿದ್ದಾರೆ ಅನ್ನುವ ಗುರುತು) ಇಲ್ಲ, ಅಷ್ಟೂ ದಿನಕ್ಕೆ ರಜೆ ಬಿದ್ದಿದೆ! ಕೇಳಿದರೆ 'ಆದೇಶ ತೋರಿಸಿ' ಅಂದರು. ಕ್ಯಾಂಪ್ ಆರ್ಡರ್ ತೋರಿಸಿದೆ. ಅದು ಮಿಲಿಟರಿಯವರದ್ದು, ನಮ್ಮ ಇಲಾಖೆಯದ್ದಲ್ಲ ಅಂದರು.

ಸಿಟ್ಟಿಗೆ ಕಾಯ್ದೆಯನ್ನೇ ತೆಗೆದು ಓದಿದೆ. 1948ರ ಎನ್‌ಸಿಸಿ ಕಾಯ್ದೆ ನಾಲ್ಕೈದು ಪುಟದ್ದು, ಒಂದು ಕಾಫಿ ಮುಗಿಯುವುದರೊಳಗೆ ಓದಬಹುದು. ಶಾಲೆ, ವಿಶ್ವವಿದ್ಯಾಲಯದ ಸಿಬ್ಬಂದಿಯನ್ನು ಅಧಿಕಾರಿಯಾಗಿ ನೇಮಿಸಬಹುದು ಅಂತ ಅದರಲ್ಲೇ ಇದೆ. ಆದರೆ ಆ ಸಿಬ್ಬಂದಿ ಕ್ಯಾಂಪಿಗೆ ಹೋದಾಗ ಮೂಲ ಕೆಲಸದ ಗತಿ ಏನು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಬೇರೆ ಕೆಲಸದಲ್ಲಿದ್ದುಕೊಂಡೇ ಸೈನ್ಯದಲ್ಲಿ ಅರೆಕಾಲಿಕ ಸೇವೆ ಮಾಡುವವರಿಗಾಗಿ ಇರುವ, ಅದೇ ವರ್ಷದ ಟೆರಿಟೋರಿಯಲ್ ಆರ್ಮಿ ಕಾಯ್ದೆ ನೋಡಿ. ಅದರ 7ಎ ಕಲಮಿನ ಪ್ರಕಾರ, ಸೇವೆಗೆ ಕರೆಸಿಕೊಂಡವನು ಮುಗಿಸಿ ಬಂದಾಗ ಮಾಲೀಕ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲೇಬೇಕು. ಅವರು ಯುದ್ಧಕ್ಕೂ ಹೋಗುವವರು, ನಾವು ಹೋಗುವವರಲ್ಲ, ಒಪ್ಪಿದೆ. ಅವರಷ್ಟೇ ರಕ್ಷಣೆ ಕೊಡಿ ಅಂತ ಕೇಳುತ್ತಿಲ್ಲ. ಕ್ಯಾಂಪು, ರಿಫ್ರೆಶರ್ ಕೋರ್ಸಿನ ದಿನಗಳು ಕೆಲಸದ ದಿನಗಳೇ ಅಂತ ಕಾಯ್ದೆಗೇ ಒಂದು ಸಾಲು ಸೇರಿಸಿ ಅಂತಿದ್ದೇನೆ, ಅಷ್ಟೇ. ಸುತ್ತೋಲೆ ಹೊರಡಿಸಿದರೆ ಅದು ಫೈಲಿನಲ್ಲೇ ಮಲಗಿಬಿಡುತ್ತದೆ. ಎನ್‌ಸಿಸಿಗೆ ಕೇಂದ್ರ, ರಾಜ್ಯ ಎರಡೂ ದುಡ್ಡು ಹಾಕುತ್ತವೆ. ಹಾಗಾಗಿ ಕೇಳಿದಾಗಲೆಲ್ಲ ಇಬ್ಬರೂ ಒಬ್ಬರನ್ನೊಬ್ಬರು ತೋರಿಸೋದು ಸುಲಭ, ಅಲ್ವಾ?

ತಿದ್ದುಪಡಿಗೆ ಹೊತ್ತು ಹಿಡಿಯುತ್ತದೆ, ಗೊತ್ತು. ಮೊದಲು ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಲಿಖಿತ ಉತ್ತರ ಬಂದರೂ ಸಾಕು. ನಮ್ಮ ಆಫೀಸಿನ ಗುಮಾಸ್ತರಿಗೆ ತೋರಿಸೋಕೆ ನನ್ನ ಕೈಲಿ ಒಂದು ಕಾಗದವಾದರೂ ಇರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಎನ್‌ಸಿಸಿ ಮೇಷ್ಟ್ರು