ಅಂಗಳದ ರೈಲಿಗೆ ಮೊದಲು ನೀರಿನ ದಾರಿ

ಸಂಪಾದಕರಿಗೆ,

ಕಾಸರಗೋಡಿನ ಮಳೆಯಲ್ಲಿ ಮನೆಯಂಗಳದಲ್ಲಿ ಓಡಿಸುವ ಮಾದರಿ ರೈಲು ಬಾಳಬೇಕಾದರೆ ಹಳಿಗಿಂತ ಮೊದಲು ನೀರು ಹರಿಯುವ ದಾರಿ ನೋಡಬೇಕು. ಕಂಬಿಗಳ ನಡುವೆ 45 ಮಿ.ಮೀ. ಅಂತರವಿರುವ ಹಳಿಯನ್ನು ಬರೀ ಮಣ್ಣಿನ ಮೇಲಿಟ್ಟರೆ ಆಟಿ ತಿಂಗಳೊಳಗೆ (ಜುಲೈ–ಆಗಸ್ಟ್) ಕುಸಿದು ಓರೆಯಾಗುತ್ತದೆ, ಬೋಗಿಗಳು ತಿರುವಿನಲ್ಲಿ ಹಳಿ ತಪ್ಪುತ್ತವೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಾಲು ಕಟ್ಟಿ, ಮೇಲೆ ಸಣ್ಣ ಜಲ್ಲಿ ಹರಡಿ. ಕಾಂಕ್ರೀಟಿಗೆ ಬಿಗಿಯಾಗಿ ಸ್ಕ್ರೂ ಹೊಡೆಯಲೇಬಾರದು; ಬಿಸಿಲಿಗೆ ಹಳಿ ಹಿಗ್ಗಿ ಬಾಗುತ್ತದೆ. ಜೋಡಣೆಗಳಲ್ಲಿ ಒಂದೆರಡು ಮಿ.ಮೀ. ಸಂದು ಬಿಡಿ. ಏರು 50 ಅಡಿ ಉದ್ದಕ್ಕೆ 1 ಅಡಿ ಮೀರದಿರಲಿ.

ಹಿತ್ತಾಳೆ ಹಳಿ ಕಪ್ಪುಗಟ್ಟಿದರೆ ಹಳಿಯ ಮೂಲಕ ಎಂಜಿನ್‌ಗೆ ಕರೆಂಟು ಸರಿಯಾಗಿ ಸಿಗದು. ಇಲ್ಲಿನ ತೇವಕ್ಕೆ ಎಂಜಿನ್ನಿನೊಳಗೆ ಬ್ಯಾಟರಿ ಇಡುವುದೇ ಮೇಲು. ರೈಲು ಇಡುವ ಶೆಡ್ಡಿನ ನೆಲ ಅಂಗಳಕ್ಕಿಂತ ಒಂದಡಿ ಎತ್ತರವಿರಲಿ, ಹಳಿಯೂ ಅದೇ ಮಟ್ಟದಲ್ಲಿ ಒಳಹೋಗಲಿ. ಗಾಳಿಕಿಂಡಿ ಬೇಕೇಬೇಕು. ತೆಂಗಿನ ಮರದಡಿ ಮಾತ್ರ ಶೆಡ್ಡೂ ಬೇಡ, ಹಳಿಯೂ ಬೇಡ.

– ಮಾದರಿ ರೈಲು ಹವ್ಯಾಸಿಗಳು, ಬದಿಯಡ್ಕ