ತರಕಾರಿ ಬೀಜೋಪಚಾರ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆ ಕಡಿಮೆಯಾಗುತ್ತಿದ್ದು, ಗುಳ್ಳ ಬದನೆ, ಅಲಸಂಡೆ, ಬೆಂಡೆ, ಹರಿವೆಯ ಬಿತ್ತನೆಗೆ ಅಣಿಯಾಗುತ್ತಿರುವ ಉಡುಪಿಯ ಸದಸ್ಯರು ಬೀಜವನ್ನು ಉಪಚರಿಸದೆ ಮಣ್ಣಿಗೆ ಹಾಕಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎರಡೆಲೆ ಬಿಟ್ಟ ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ಕಂದಿ, ದಾರದಂತೆ ಸಪುರವಾಗಿ, ಬೆಳಗಾಗುವಷ್ಟರಲ್ಲಿ ಒರಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಈ ಕೊಳೆಗೆ ಕಾರಣವಾದ ಶಿಲೀಂಧ್ರಗಳನ್ನು ಹತ್ತಿಕ್ಕಲು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ನೆರವಾಗುತ್ತದೆ.

ಬೀಜದ ಮೇಲೆ ತಣಿದ ಬೆಲ್ಲದ ನೀರನ್ನು ತುಸುವೇ ಚಿಮುಕಿಸಿ, ಒಂದು ಕಿಲೋಗೆ 10 ಗ್ರಾಂ ಲೆಕ್ಕದಲ್ಲಿ (ಮನೆಯ ಹಿತ್ತಿಲಿಗಾದರೆ ಒಂದು ಚಿಟಿಕೆ ಸಾಕು) ಟ್ರೈಕೋಡರ್ಮಾ ಪುಡಿಯನ್ನು ಉದುರಿಸಿ, ಪ್ರತಿ ಬೀಜಕ್ಕೂ ತೆಳುವಾದ ಲೇಪ ಹತ್ತುವವರೆಗೆ ಗೆರಸೆಯಲ್ಲಿ ಅಂಗೈಯಿಂದ ಮೆಲ್ಲನೆ ಹೊರಳಿಸಿ, ನೆರಳಿನಲ್ಲಿ ಅರ್ಧ ಗಂಟೆ ಆರಿಸಿ, ಅದೇ ದಿನ ಬಿತ್ತಬೇಕು. ಬಿಸಿಲಿಗೆ ಇಟ್ಟರೆ ಜೀವಾಣುಗಳು ಸಾಯುತ್ತವೆ.

ಅಲಸಂಡೆಗೆ ರೈಜೋಬಿಯಂ, ಉಳಿದವಕ್ಕೆ ಅಜೋಸ್ಪಿರಿಲಂ ಎಂಬ ಜೀವಾಣುವನ್ನು ಲೇಪಿಸಿದರೆ ಎಳೆಯ ಬೇರಿಗೆ ಸಾರಜನಕ ಒದಗುತ್ತದೆ. ನಮ್ಮ ಹುಳಿಯಾದ ಮುರಕಲ್ಲು ಮಣ್ಣಿನಲ್ಲಿ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂನೊಡನೆ ಬಂಧಿಯಾಗಿರುವುದರಿಂದ, ರಂಜಕ ಕರಗಿಸುವ ಜೀವಾಣುವನ್ನೂ ಸೇರಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಪೊಟ್ಟಣದಲ್ಲಿ ಗುಲಾಬಿ ಅಥವಾ ನೀಲಿ ಬಣ್ಣ ಬಳಿದು ಬರುವ ಬೀಜಗಳಿಗೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಮೊದಲೇ ಲೇಪನವಾಗಿರುತ್ತದೆ. ಅವುಗಳಿಗೆ ದಯವಿಟ್ಟು ಟ್ರೈಕೋಡರ್ಮಾ ಹಚ್ಚಬೇಡಿ, ಅದನ್ನು ಸಸಿಮಡಿಯ ಹಟ್ಟಿಗೊಬ್ಬರಕ್ಕೆ ಬೆರೆಸಿ ಕೊಡಿ.